ಶನಿವಾರದ ಭೂಮಿ ಸೇವೆ: ಬೆಳಗ್ಗೆ 9ರಿಂದ 11.30

ಬೆಂಗಳೂರಿನಲ್ಲಿ ಭೂಮಿ ಉಳಿಸೋದಕ್ಕೂ ಮುಹೂರ್ತ ಇದೆ. ಶನಿವಾರ ಬೆಳಗ್ಗೆ 9ರಿಂದ 11.30. ಅದಕ್ಕೆ ಮುಂಚೆ ಬೆಳಕು ಫೋಟೊಗೆ ಸಾಲದು, ಅದರಾಚೆ ಬಿಸಿಲು ಸ್ವಯಂಸೇವಕರಿಗೆ ಒಗ್ಗದು. ಹವಾಮಾನವಾಗಲಿ, ಬಡತನವಾಗಲಿ, ಈ ಎರಡೂವರೆ ಗಂಟೆಯೊಳಗೆ ಬಂದು ಪರಿಹಾರ ತಗೊಂಡು ಹೋಗತಕ್ಕದ್ದು. ಹೊಸದಾಗಿ ಸೇವೆಗೆ ಇಳಿಯುವವರ ಅನುಕೂಲಕ್ಕಾಗಿ ಕ್ರಮವನ್ನು ಇಲ್ಲಿ ತಿಳಿಸಲಾಗಿದೆ.

ಶುರುವಾಗೋದು ಟೀ ಶರ್ಟಿನಿಂದ. ಗಿಡ ಯಾವುದು ಅಂತ ಗೊತ್ತಿಲ್ಲದಿದ್ದರೂ ನಡೆಯುತ್ತೆ, ಟೀ ಶರ್ಟಿನ ಆರ್ಡರ್ ಮೂರು ವಾರ ಮೊದಲೇ ಹೋಗಿರಬೇಕು. ಬಣ್ಣ ಹಸಿರು, ಬಟ್ಟೆ ಪಾಲಿಯೆಸ್ಟರ್, ಅಂದರೆ ಪ್ಲಾಸ್ಟಿಕ್ಕೇ. ಎದೆ ಮೇಲೆ ‘ಪ್ಲಾಸ್ಟಿಕ್ ಬೇಡ’. ಆಮೇಲೆ ಬ್ಯಾನರ್. ರಾಜ್ಯದಲ್ಲಿ 2016ರಿಂದ ಪ್ಲಾಸ್ಟಿಕ್ ನಿಷೇಧ, 2018ರಲ್ಲಿ ಹೈಕೋರ್ಟ್ ಗದರಿದ ಮೇಲೆ ನಗರದ ಫ್ಲೆಕ್ಸುಗಳನ್ನು ಪಾಲಿಕೆ ಕಿತ್ತು ಹಾಕಿತ್ತು. ಹಾಗಾಗಿ ಫ್ಲೆಕ್ಸನ್ನು ಕಂಬಕ್ಕೆ ಕಟ್ಟಬಾರದು, ಆರು ಜನ ಕೈಯಲ್ಲಿ ಹಿಡಿದುಕೊಂಡು ನಿಲ್ಲಬೇಕು. ಗಿಡ ನೆಡೋಕೆ ಆರು ಕೈ ಕಡಿಮೆಯಾಯಿತಲ್ಲ ಅನ್ನೋರು ಫೋಟೊ ನೋಡಲಿ.

ಬೈಕ್ ರ‍್ಯಾಲಿ ಇದ್ದರೆ ಕಾರ್ಯಕ್ರಮಕ್ಕೆ ಕಳೆ ಬರುತ್ತದೆ. ಇನ್ನೂರು ಬೈಕು, ತಲಾ 20 ಕಿಲೋಮೀಟರ್, ಲೀಟರಿಗೆ 40ರ ಮೈಲೇಜ್ ಅಂದುಕೊಂಡರೆ ನೂರು ಲೀಟರ್ ಪೆಟ್ರೋಲ್. ಲೀಟರ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್; ಒಟ್ಟು 230 ಕಿಲೋ. ಚೆನ್ನಾಗಿ ಬೆಳೆದ ಮರ ವರ್ಷಕ್ಕೆ ಹೀರೋದು ಅಂದಾಜು ಇಪ್ಪತ್ತು ಕಿಲೋ. ಹನ್ನೊಂದು ಹನ್ನೆರಡು ಮರಗಳ ಇಡೀ ವರ್ಷದ ದುಡಿಮೆಯನ್ನು ನಾಷ್ಟಾಕ್ಕೆ ಮೊದಲೇ ಮುಗಿಸಿ, ಗಿಡ ನೆಡೋಕೆ ಬರಬಹುದು.

ನೆಡೋದು ಕಷ್ಟವೇನಲ್ಲ, ಸರಿಯಾಗಿ ನೆಡೋದು ಕಷ್ಟ. ಆದ್ದರಿಂದ ಆ ತಂಟೆಗೆ ಯಾರೂ ಹೋಗುವುದಿಲ್ಲ. ಪುಸ್ತಕದ ಪ್ರಕಾರ ಗುಂಡಿ ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಆಳ. ನಮ್ಮ ಫುಟ್‌ಪಾತಿನಲ್ಲಿ ಒಂಬತ್ತು ಇಂಚಿಗೇ ಹಾರೆ ಠಣ್ ಅನ್ನುತ್ತೆ: ಕೆಳಗೆ ಜಲ್ಲಿ, ಜಲ್ಲಿ ಕೆಳಗೆ ಯಾವನದೋ ಇಂಟರ್‌ನೆಟ್ ಕೇಬಲ್. ಅಷ್ಟಕ್ಕೇ ಗಿಡ ಇಳಿಸೋದು. ನರ್ಸರಿಯ ಕಪ್ಪು ಕವರನ್ನು ಬ್ಲೇಡಿನಿಂದ ಸೀಳಿ, ತಳದಲ್ಲಿ ಸುರುಳಿ ಸುತ್ತಿಕೊಂಡ ಬೇರನ್ನು ಕತ್ತರಿಸಿ, ಮಣ್ಣಿನ ಉಂಡೆ ಒಡೆಯದ ಹಾಗೆ ಇಡಬೇಕು. ಕವರ್ ತೆಗೆದರೆ ಟೀ ಶರ್ಟ್ ಕೊಳೆಯಾಗುತ್ತದೆ, ಅದಕ್ಕೇ ಕವರ್ ಸಮೇತ ನೆಡೋ ಪದ್ಧತಿ ಬಂದಿದೆ. ಬೇರು ಕವರಿನೊಳಗೇ ಗಿರಕಿ ಹೊಡೆದು ಎರಡನೇ ವರ್ಷಕ್ಕೆ ಉಸಿರು ಬಿಡುತ್ತದೆ. ಕಾಂಡವನ್ನು ಅರ್ಧ ಅಡಿ ಜಾಸ್ತಿ ಹೂತರೆ ಅಷ್ಟು ದಿನವೂ ಕಾಯಬೇಕಿಲ್ಲ, ಬುಡ ಕೊಳೆಯುತ್ತದೆ. ಜಾತಿಯ ಆಯ್ಕೆಯೂ ಸುಲಭ: ನರ್ಸರಿಯವನ ಹತ್ತಿರ ಏನು ಉಳಿದಿದೆಯೋ ಅದು. ವಿದ್ಯುತ್ ತಂತಿ ಕೆಳಗೆ ನೇರಳೆ ನೆಟ್ಟರೆ ಅದು ಬದುಕಿದರೂ ಬೆಸ್ಕಾಂ ನೋಡಿಕೊಳ್ಳುತ್ತೆ. ಕಬ್ಬಿಣದ ಟ್ರೀ ಗಾರ್ಡನ್ನು ಮಾತ್ರ ಗಟ್ಟಿಯಾಗಿ ಹಾಕಿ, ಪ್ರಾಯೋಜಕರ ಹೆಸರು ಅದರ ಮೇಲೇ ಇರೋದು. ಗಿಡ ಒಣಗಿದರೂ ಹೆಸರು ಒಣಗೋದಿಲ್ಲ. ಅಪ್ಪಿತಪ್ಪಿ ಗಿಡ ಬೆಳೆದರೆ, ಬಿಚ್ಚೋರಿಲ್ಲದೆ ಆ ಗಾರ್ಡಿನ ಬಳೆಯೇ ತೊಗಟೆಗೆ ಇಳಿದು ಕುತ್ತಿಗೆ ಹಿಸುಕುತ್ತದೆ.

ನೀರಿನ ವಿಚಾರ ಸೂಕ್ಷ್ಮ. ಮೊದಲೆರಡು ಬೇಸಿಗೆ, ಫೆಬ್ರುವರಿಯಿಂದ ಮೇವರೆಗೆ, ಗಿಡಕ್ಕೆ ವಾರಕ್ಕೆರಡು ಸಲ ಹತ್ತು ಹದಿನೈದು ಲೀಟರ್ ಬೇಕು. ಐನೂರು ಗಿಡ ಅಂದರೆ ವಾರಕ್ಕೆ ಕನಿಷ್ಠ ಹತ್ತು ಸಾವಿರ ಲೀಟರ್. ಅಂದರೆ ಟ್ಯಾಂಕರ್, ಡ್ರೈವರ್, ಪೈಪ್ ಹಿಡಿಯೋಕೊಬ್ಬ. 2024ರ ಮಾರ್ಚಿನಲ್ಲಿ ನೀರಿನ ಬರ ಬಂದಾಗ ಜಲಮಂಡಳಿ ಗಿಡಗಳಿಗೆ ಕುಡಿಯೋ ನೀರು ಹಾಕಿದರೆ 5,000 ರೂಪಾಯಿ ದಂಡ ಅಂದಿತ್ತು. ಸಂಸ್ಕರಿಸಿದ ನೀರು ತರಿಸಬಹುದಿತ್ತು, ಆದರೆ ಟ್ಯಾಂಕರಿನ ಪಕ್ಕ ನಿಂತರೆ ಫೋಟೊ ಚೆನ್ನಾಗಿ ಬರೋದಿಲ್ಲ.

ಮುಂದೆ ಜನಜಾಗೃತಿ. ಇದನ್ನು ಪ್ರತಿಭಟನೆ ಅಂತ ಮಾತ್ರ ಕರೀಬೇಡಿ. ನಗರದಲ್ಲಿ ಪ್ರತಿಭಟನೆಗೆ ಇರೋ ಜಾಗ ಫ್ರೀಡಂ ಪಾರ್ಕ್ ಒಂದೇ, ಹಳೇ ಸೆಂಟ್ರಲ್ ಜೈಲು. ಅಲ್ಲಿ ಎಷ್ಟು ಕೂಗಿದರೂ ಕೇಳಿಸೋದು ಪೊಲೀಸರಿಗೆ ಮತ್ತು ಪಕ್ಕದ ಶಾಮಿಯಾನದ ಪ್ರತಿಭಟನಾಕಾರರಿಗೆ. ‘ಜಾಥಾ’ ಅಂದರೆ ಚರ್ಚ್ ಸ್ಟ್ರೀಟಿನಲ್ಲಿ ಕಾಫಿ ಕುಡಿಯೋರ ಸಹಿ ಸಿಗುತ್ತದೆ. ಕರಪತ್ರ ಇಂಗ್ಲಿಷಿನಲ್ಲಿ, ಆರ್ಟ್ ಪೇಪರಿನ ಮೇಲೆ: ಪ್ಯಾರಿಸ್ ಒಪ್ಪಂದ, 2015, 1.5 ಡಿಗ್ರಿ, ನೆಟ್ ಝೀರೋ. ಕೆ.ಆರ್. ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರೋ ಅಜ್ಜಿ ಕೈಗೆ ಅದು ಸಿಕ್ಕರೆ ‘ಏನು ಮಗಾ ಇದು, ಒಂದೂವರೆ ಡಿಗ್ರಿ ಅಂದ್ರೆ?’ ಅಂತ ಕೇಳಬಹುದು. ಬಿಸಿಲು ಏರಿದರೆ ಮಧ್ಯಾಹ್ನಕ್ಕೇ ಬಾಡಿ ಹೋಗೋ ಆಕೆಯ ಕೊತ್ತಂಬರಿ ಕಟ್ಟಿನ ಲೆಕ್ಕ ಕರಪತ್ರದಲ್ಲಿಲ್ಲ. ಹಾಗಾಗಿ ಸ್ವಯಂಸೇವಕರು ಮುಂದಿನ ಅಂಗಡಿಗೆ ಹೋಗುವುದು ವಾಡಿಕೆ. ಬೆಳಗಿನ ಜಾವದಿಂದ ಕಸ ಬೇರ್ಪಡಿಸುತ್ತಿರೋ ಪೌರಕಾರ್ಮಿಕರನ್ನು ನಿಲ್ಲಿಸಿ, ಹಸಿ ಕಸ ಯಾವುದು, ಒಣ ಕಸ ಯಾವುದು ಅಂತ ಹೇಳಿಕೊಡುವ ಕಾರ್ಯಕ್ರಮವೂ ಉಂಟು. ಅವರು ಸಮಾಧಾನವಾಗಿ ಕೇಳಿಸಿಕೊಳ್ಳುತ್ತಾರೆ, ದೊಡ್ಡ ಮನಸ್ಸು.

ಬಡತನಕ್ಕೆ ಮೀಸಲಾದ ಶನಿವಾರಗಳಲ್ಲಿ ರೇಷನ್ ಕಿಟ್. ಐದು ಕಿಲೋ ಅಕ್ಕಿ, ಒಂದು ಕಿಲೋ ತೊಗರಿಬೇಳೆ, ಒಂದು ಲೀಟರ್ ಎಣ್ಣೆ, ಉಪ್ಪು, ಖಾರದ ಪುಡಿ. ಕೊಡುವವರು ನಾಲ್ಕು ಜನ, ತಗೊಳ್ಳೋರು ಒಬ್ಬರು, ಎಲ್ಲರೂ ಕ್ಯಾಮೆರಾ ಕಡೆ ನೋಡಬೇಕು. ಯಾದಗಿರಿಯಿಂದ ಬಂದು ತಗಡಿನ ಶೆಡ್ಡಿನಲ್ಲಿರೋ ಕೂಲಿಯವರ ಊರಿನ ಬಿಪಿಎಲ್ ಕಾರ್ಡಿಗೆ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೇ, ಬೆರಳಚ್ಚು ಕೊಟ್ಟರೆ, ತಿಂಗಳು ತಿಂಗಳೂ ಅಕ್ಕಿ ಸಿಗುತ್ತದೆ ಅಂತ ಹೇಳೋದು ಕಾರ್ಯಕ್ರಮಪಟ್ಟಿಯಲ್ಲಿ ಇರೋದಿಲ್ಲ. ಹೇಳಿದರೆ ಮುಂದಿನ ತಿಂಗಳ ಕಿಟ್ ಯಾರಿಗೆ ಕೊಡೋದು? ಕಟ್ಟಡ ಕಾರ್ಮಿಕರ ಮಂಡಳಿಯ ಸವಲತ್ತಿಗೆ ಬೇಕಾದ ಲೇಬರ್ ಕಾರ್ಡಂತೂ ಬೇಡವೇ ಬೇಡ. ಅದಕ್ಕೆ ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿದ ದೃಢೀಕರಣ ಪತ್ರ ಬೇಕು. ಸಹಿ ಹಾಕಿದರೆ ‘ಇವರು ನಮ್ಮ ಆಳು’ ಅಂತ ಒಪ್ಪಿಕೊಂಡ ಹಾಗಾಗುತ್ತದೆ ಅಂತ ಮೇಸ್ತ್ರಿ ಕೈಗೆ ಸಿಗೋದಿಲ್ಲ. ಅರ್ಜಿಯ ಓಟಿಪಿ ಹೋಗೋದು ಕಳೆದು ಹೋದ ಸಿಮ್ಮಿಗೆ. ಆಧಾರಿನಲ್ಲಿ ಆ ನಂಬರ್ ಬದಲಿಸೋಕೆ ಆಧಾರ್ ಕೇಂದ್ರ, ಅಲ್ಲಿಗೆ ಹೋಗೋಕೆ ಒಂದು ದಿನದ ಕೂಲಿ. ಒಬ್ಬ ಸ್ವಯಂಸೇವಕ ಲ್ಯಾಪ್‌ಟಾಪ್ ಹಿಡಿದು ಜೊತೆಗೆ ಅಲೆದರೆ ಕಾರ್ಡ್ ಆಗುತ್ತದೆ, ಆದರೆ ‘ಸರ್ವರ್ ಡೌನ್’ ಅಂತ ಬರೋ ಪರದೆಯ ಜೊತೆ ಸೆಲ್ಫಿ ತೆಗೆದವರು ಈವರೆಗೆ ಕಂಡಿಲ್ಲ.

ಕೊನೆಗೆ ವರದಿ. ಇನ್ನೂರು ಜನ, ಎರಡೂವರೆ ಗಂಟೆ: 500 ಸೇವಾ ಗಂಟೆ. ಹೋಗುತ್ತಾ ಎರಡು, ಬರುತ್ತಾ ಎರಡು ಗಂಟೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ಬಸ್ಸು ನಿಂತದ್ದನ್ನೂ ಸೇರಿಸಿದರೆ 1,300. ದೊಡ್ಡ ಕಂಪನಿಗಳು ಲಾಭದ ಶೇಕಡಾ 2ನ್ನು ಸಮಾಜಸೇವೆಗೆ ಖರ್ಚು ಮಾಡಬೇಕು ಅನ್ನುತ್ತೆ ಕಂಪನಿ ಕಾಯ್ದೆಯ 135ನೇ ಸೆಕ್ಷನ್; ಆ ಲೆಕ್ಕಕ್ಕೆ ಒಂದು ದಿನದ ಕಾರ್ಯಕ್ರಮಗಳು ಬರೋದಿಲ್ಲ ಅಂತ ಸರ್ಕಾರ 2014ರಲ್ಲೇ ಸುತ್ತೋಲೆ ಹೊರಡಿಸಿತ್ತು. ಅದಕ್ಕೆ ವರದಿಯ ಮೇಲೆ ‘ದೀರ್ಘಕಾಲೀನ ಯೋಜನೆ: ಮೊದಲ ಹಂತ’ ಅಂತ ಬರೆಯೋದು. ಎರಡನೇ ಹಂತವನ್ನು ಕಂಡವರು ಯಾರೂ ಇಲ್ಲ.

ಮುಂದಿನ ಶನಿವಾರಕ್ಕೆ ನೋಂದಣಿ ನಡೆದಿದೆ. ಫಾರಂನಲ್ಲಿ ಹೆಸರು, ಫೋನು, ಟೀ ಶರ್ಟಿನ ಅಳತೆ, ಊಟ ವೆಜ್ಜೋ ನಾನ್‌ವೆಜ್ಜೋ ಅಂತ ಕೇಳಿದ್ದಾರೆ. ಬೇಸಿಗೆಯಲ್ಲಿ ನೀರು ಹಾಕೋಕೆ ಬರ್ತೀರಾ ಅನ್ನೋ ಪ್ರಶ್ನೆಯೂ ಮೊದಲು ಇತ್ತು. ಫಾರಂ ಉದ್ದವಾಯಿತು ಅಂತ ತೆಗೆದಿದ್ದಾರೆ.