ಆರೂವರೆ ಚೀಲದ ಗಾಡಿ

ಬೆಳಗಾದರೆ ಮೊಬೈಲಿಗೆ ಗುಲಾಬಿ ಹೂ, ಬೆಟ್ಟದ ಮೇಲಿನ ಸೂರ್ಯ, ಯಾರೋ ಆಡಿದ ಮಾತು ಇನ್ಯಾರದೋ ಹೆಸರಿನಲ್ಲಿ ಬಂದು ಬೀಳುತ್ತವೆ. ಭಾನುವಾರ ಮಾತ್ರ ಇವುಗಳ ನಡುವೆ ಒಂದು ಹಳೆಯ ಪಿಕಪ್ ಗಾಡಿ ಬಂದು ನಿಲ್ಲುತ್ತದೆ. ಕಳಿಸುವವನು ನನ್ನ ಕಾಲೇಜು ದಿನಗಳ ಗೆಳೆಯ. ಬಹಳ ವರ್ಷಗಳಿಂದ ಅಮೆರಿಕದ ಮಿಷಿಗನ್ನಿನಲ್ಲಿದ್ದಾನೆ. ಮೋಟಾರು ಕಂಪನಿಗಳು ಪತ್ರಿಕೆಗಳಿಗೆ ಹಂಚಲೆಂದು ತೆಗೆಸುತ್ತಿದ್ದ ಕಪ್ಪು ಬಿಳುಪು ಪ್ರಚಾರದ ಫೋಟೋಗಳನ್ನು ಅಲ್ಲಿನ ಹಳೆಸಾಮಾನಿನ ಸಂತೆಗಳಲ್ಲಿ ಹೆಕ್ಕುವುದು ಅವನ ಚಟ. ಅವನು ಕಳಿಸಿದ್ದನ್ನು ಮನೆಮಂದಿಯ ವಾಟ್ಸಾಪ್ ಗುಂಪಿಗೆ ದಾಟಿಸುವುದು ನನ್ನದು. ಇಪ್ಪತ್ತಮೂರು ಜನರ ಆ ಗುಂಪಿನಲ್ಲಿ ಇವನ್ನು ನೋಡುವವರು ನಾವಿಬ್ಬರೇ, ನಾನು ಮತ್ತು ತೀರ್ಥಹಳ್ಳಿಯ ಚಿಕ್ಕಪ್ಪ.

ಮೊದಲು ಬಂದದ್ದು 1925ರ ಫೋರ್ಡ್. ಅದಕ್ಕೆ ಮುಂಚೆ ಅಮೆರಿಕದ ರೈತ ತನ್ನ ಕಾರಿನ ಹಿಂಭಾಗವನ್ನು ಕೊಯ್ದು, ಮರದ ಪೆಟ್ಟಿಗೆ ಕೂರಿಸಿಕೊಂಡು ಕೆಲಸ ಸಾಗಿಸುತ್ತಿದ್ದ. ಆ ವರ್ಷ ಫೋರ್ಡ್ ಕಂಪನಿ ತಾನೇ ಉಕ್ಕಿನ ಪೆಟ್ಟಿಗೆ ಜೋಡಿಸಿ, 281 ಡಾಲರಿಗೆ ಮಾರತೊಡಗಿತು. ಹೆಸರು ಮಾತ್ರ ನಮ್ಮ ಸರ್ಕಾರಿ ಆದೇಶದಷ್ಟು ಉದ್ದ: ‘ಫೋರ್ಡ್ ಮಾಡೆಲ್ ಟಿ ರನಬೌಟ್ ವಿತ್ ಪಿಕಪ್ ಬಾಡಿ’. ಚಿಕ್ಕಪ್ಪ ಹೆಬ್ಬೆರಳು ಎತ್ತಿ ಸುಮ್ಮನಾದರು.

1948ರ ಫೋರ್ಡ್ ಎಫ್-1 ಬಂದಾಗ ಅವರು ಬಾಯಿ ಬಿಟ್ಟರು. ‘ಎಷ್ಟು ಚೀಲ ಹಿಡಿಯುತ್ತದೆ?’ ಅರ್ಧ ಟನ್ನಿನ ಗಾಡಿ ಎಂದೆ. ಅಮೆರಿಕದ ಅರ್ಧ ಟನ್ ಎಂದರೆ ಸಾವಿರ ಪೌಂಡು, ನಮ್ಮ ಲೆಕ್ಕದಲ್ಲಿ ಸುಮಾರು 450 ಕಿಲೋ. ಅಡಿಕೆ ಚೀಲಕ್ಕೆ ಎಪ್ಪತ್ತು ಕಿಲೋ ಹಿಡಿದು ಅವರು ಭಾಗಿಸಿದರು. ‘ಆರೂವರೆ ಚೀಲ. ಆ ಅರ್ಧ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಳ್ಳಬೇಕೇನು?’

ನಾನು ಆ ಫೋಟೋದಲ್ಲಿ ನೋಡುತ್ತಿದ್ದುದೇ ಬೇರೆ. ಡ್ರೈವರ್ ಕೂರುವ ಆ ಗೂಡಿಗೆ ಹತ್ತು ಲಕ್ಷ ಡಾಲರ್ ಸುರಿದಿದ್ದೇವೆ ಎಂದು ‘ಮಿಲಿಯನ್ ಡಾಲರ್ ಕ್ಯಾಬ್’ ಹೆಸರಿನಲ್ಲಿ ಕಂಪನಿ ಜಾಹೀರಾತು ಹೊರಡಿಸಿತ್ತು. ಆದರೆ ಗಾಜಿನ ಮೇಲೆ ವೈಪರ್ ಒಂದೇ, ಅದೂ ಡ್ರೈವರನ ಕಡೆಗೆ. ಪಕ್ಕದಲ್ಲಿ ಕೂತವನಿಗೂ ಮಳೆಯಲ್ಲಿ ದಾರಿ ಕಾಣಬೇಕಾದರೆ ಬೇರೆ ದುಡ್ಡು ಕೊಡಬೇಕಿತ್ತು. ಅತ್ತಕಡೆಯ ಹಿಂದಿನ ದೀಪಕ್ಕೂ ಅದೇ ಕಟ್ಟಳೆ. ಕೋಟಿ ಖರ್ಚಿನ ಮದುವೆಯಲ್ಲಿ ಎರಡನೇ ಸಲ ಪಾಯಸ ಕೇಳಿದವನನ್ನು ಬಡಿಸುವವನು ಒಮ್ಮೆ ದಿಟ್ಟಿಸುತ್ತಾನಲ್ಲ, ಹಾಗೆ.

ಈ ಫೋಟೋಗಳಲ್ಲಿ ಯಾರ ಮೈಗೂ ಮಣ್ಣು ಹತ್ತುವುದಿಲ್ಲ. ಗಾಡಿಗೆ ಒರಗಿ ನಿಂತ ರೈತನ ಷರಾಯಿಗೆ ಇಸ್ತ್ರಿಯ ಗೆರೆ. ಹಾಲಿನ ಕ್ಯಾನುಗಳಿಗೆ ಒಂದು ನೆಗ್ಗೂ ಇಲ್ಲ. ಹಿಂದೆ ನಾಲ್ಕೇ ನಾಲ್ಕು ಹುಲ್ಲಿನ ಕಟ್ಟು, ಗೊಂಬೆ ಹಬ್ಬಕ್ಕೆ ಜೋಡಿಸಿಟ್ಟಂತೆ. ಅಂಥದೊಂದನ್ನು ಕಳಿಸಿದಾಗ ಚಿಕ್ಕಪ್ಪನ ತೀರ್ಪು ಎರಡೇ ನಿಮಿಷದಲ್ಲಿ ಬಂತು: ‘ಇವನು ಹುಲ್ಲು ಹೊತ್ತವನಲ್ಲ. ಹೊತ್ತಿದ್ದರೆ ಕುತ್ತಿಗೆ ಕೆರೆದುಕೊಳ್ಳುತ್ತಿರುತ್ತಿದ್ದ.’ ನಿಜವೇ. ಆದರೂ ನನಗೆ ಈ ಸುಳ್ಳು ಇಷ್ಟ. ಇವತ್ತಿನ ಜಾಹೀರಾತಿನ ಗಾಡಿ ಬಂಡೆ ಹಾರುತ್ತದೆ, ಹೊಳೆ ಸೀಳುತ್ತದೆ, ನೋಡುವವನಿಗೆ ಸೊಂಟ ನೋವು. ಇದಾದರೋ ಬೀಗರ ಮನೆಯ ಅಂಗಳದಲ್ಲಿ ನಿಂತ ಅಳಿಯನಂತೆ ತೆಪ್ಪಗೆ ನಿಂತಿರುತ್ತದೆ.

ಷೋಕಿಯಲ್ಲಿ ಎಲ್ಲವನ್ನೂ ಮೀರಿಸಿದ್ದು 1955ರ ಷೆವ್ರೊಲೆ ಕ್ಯಾಮಿಯೊ. ಮೊದಲ ವರ್ಷ ಅದು ಬರುತ್ತಿದ್ದುದು ಒಂದೇ ಜೋಡಿ ಬಣ್ಣದಲ್ಲಿ, ಕೆಂಪು ಮತ್ತು ‘ಬಾಂಬೆ ಐವರಿ’. ಡೆಟ್ರಾಯಿಟ್ ಕಂಪನಿಯ ಸಾಮಾನು ಗಾಡಿಗೆ ಬೊಂಬಾಯಿಯ ದಂತದ ಬಣ್ಣ! ಕಪ್ಪು ಬಿಳುಪು ಫೋಟೋದಲ್ಲಿ ಅದು ಬರಿಯ ಬಿಳಿ; ಗೆಳೆಯ ಹೆಸರು ಬರೆದು ಕಳಿಸದಿದ್ದರೆ ನನಗೆ ತಿಳಿಯುತ್ತಲೇ ಇರಲಿಲ್ಲ. ಹಿಂಭಾಗದ ಎರಡು ಮಗ್ಗುಲೂ ಕಾರಿನಂತೆ ನುಣುಪು. ಆ ನುಣುಪು ಫೈಬರ್‌ಗ್ಲಾಸಿನ ಹೊದಿಕೆಯದು, ಒಳಗಿರುವುದು ಎಂದಿನ ಉಕ್ಕಿನ ಪೆಟ್ಟಿಗೆಯೇ. ಇದನ್ನು ಚಿಕ್ಕಪ್ಪನಿಗೆ ವಿವರಿಸಿದೆ. ‘ಮೇಲೆ ಜರಿ ಪಂಚೆ, ಒಳಗೆ ತೋಟದ ಚಡ್ಡಿ’ ಎಂದರು.

ಕಳೆದ ಡಿಸೆಂಬರಿನಲ್ಲಿ ಊರಿಗೆ ಬಂದ ಗೆಳೆಯ ಒಂದು ಅಸಲಿ ಪ್ರತಿಯನ್ನೇ ಕೈಗಿಟ್ಟ. ಎಂಟು ಇಂಚು, ಹತ್ತು ಇಂಚಿನ ಹೊಳಪು ಕಾಗದ. ಕ್ಯಾಬಿನ ಹಿಂದಿನ ಮೂಲೆಗಳಿಗೂ ಬಾಗಿದ ಗಾಜು ಕೂರಿಸಿದ, 1947ರ ನಂತರದ ಷೆವ್ರೊಲೆ. ಬೆನ್ನಿಗೆ ಟೈಪು ಮಾಡಿದ ಚೀಟಿ, ಅಂಟು ಹಳೆಯದಾಗಿ ಕಾಫಿ ಬಣ್ಣಕ್ಕೆ ತಿರುಗಿದೆ. ಮುಂಭಾಗದಲ್ಲಿ ಯಾವನೋ ಉಪಸಂಪಾದಕ ಎಳೆದ ಕೆಂಪು ಪೆನ್ಸಿಲಿನ ಗೆರೆಗಳು: ಇಲ್ಲಿಂದ ಇಲ್ಲಿಗೆ ಕತ್ತರಿಸು ಎಂದು. ಓರೆ ಹಿಡಿದು ನೋಡಿದರೆ ಗಾಡಿಯ ಸುತ್ತಲೂ ಕುಂಚದಲ್ಲಿ ಬಿಳಿ ಬಣ್ಣ ಬಳಿದಿರುವುದು ತಿಳಿಯುತ್ತದೆ. ಹಿನ್ನೆಲೆಯನ್ನು ಪೂರ್ತಿ ಅಳಿಸಿ, ಗಾಡಿಯೊಂದನ್ನೇ ಬಯಲಲ್ಲಿ ತೇಲಲು ಬಿಟ್ಟಿದ್ದಾರೆ. ಟೈರಿನ ಕೆಳಗಿನ ನೆರಳೂ ಬರೆದದ್ದೇ.

ಅಮ್ಮನ ಪಂಚಾಂಗ ನೋಡುವ ಭೂತಗನ್ನಡಿ ತಂದು ಚಕ್ರದ ನಡುವಿನ ಹೊಳೆಯುವ ತಟ್ಟೆಗೆ ಹಿಡಿದೆ. ಅಲ್ಲಿಯವರೆಗೆ ಕುಂಚ ಹೋಗಿರಲಿಲ್ಲ. ಕಡಲೆಕಾಳಿನಷ್ಟು ಜಾಗದಲ್ಲಿ ಮೂರು ಕಾಲಿನ ಸ್ಟ್ಯಾಂಡು, ಅದರ ಹಿಂದೆ ಬಗ್ಗಿ ನಿಂತ ಒಬ್ಬ ಮನುಷ್ಯ, ಅವನ ಬೆನ್ನ ಹಿಂದೆ ಎಲೆ ತುಂಬಿದ ಒಂದು ಮರ.

ಮೊಬೈಲಿನಲ್ಲಿ ಅಷ್ಟನ್ನೇ ದೊಡ್ಡದು ಮಾಡಿ ತೆಗೆದು ಗುಂಪಿಗೆ ಹಾಕಿದೆ. ಹಗಲೆಲ್ಲ ಯಾರೂ ಮಾತಾಡಲಿಲ್ಲ. ರಾತ್ರಿ ಊಟದ ಹೊತ್ತಿಗೆ ಚಿಕ್ಕಪ್ಪನ ಒಂದು ಸಾಲು ಬಂತು.

‘ಮರ ಯಾವುದು?’