ಜಾರುಬಂಡೆಯಲ್ಲಿ ಜಾರಿಕೊಂಡವರು

ಬಿಸಿ ತಟ್ಟಿದ ತಕ್ಷಣ ಜಾರಿಕೊಳ್ಳುವ ವಿದ್ಯೆ ದೊಡ್ಡವರಿಗೆಲ್ಲ ಚೆನ್ನಾಗಿ ಗೊತ್ತು. ಅದು ಗೊತ್ತಿಲ್ಲದಿರುವುದು ಜಾರುಬಂಡೆ ಮೇಲೆ ಕೂತ ಎರಡು ವರ್ಷದ ಮಗುವಿಗೆ ಮಾತ್ರ.

ತಮಾಷೆಗೆ ಹೇಳಿದ ಮಾತಲ್ಲ ಇದು. ಕಾದ ತಗಡಿನ ಮೇಲೆ ಕೂತ ಪುಟ್ಟ ಮಗು ಎದ್ದು ಓಡುವುದಿಲ್ಲ. ಕೂತಲ್ಲೇ ಕಿರುಚುತ್ತದೆ. ಉರಿ ಎಲ್ಲಿಂದ ಬರುತ್ತಿದೆ, ಹೇಗೆ ತಪ್ಪಿಸಿಕೊಳ್ಳಬೇಕು ಅನ್ನುವುದು ಅದಕ್ಕಿನ್ನೂ ಹೊಳೆಯುವುದಿಲ್ಲ. ಚರ್ಮವೂ ತೆಳು. ಎರಡು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ಅಪಾಯ ಜಾಸ್ತಿ ಎಂದು ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಹೇಳುವುದು ಇದಕ್ಕೇ. ಸುಡುವುದು ಅಂಗೈ, ತೊಡೆ, ಕುಂಡಿ. ಯಾವುದನ್ನೂ ಸಭೆಯಲ್ಲಿ ಎತ್ತಿ ತೋರಿಸುವ ಹಾಗಿಲ್ಲ.

ಯಾರೋ ಮಗುವನ್ನು ಎತ್ತಿಕೊಂಡು ನಲ್ಲಿಗೆ ಓಡುತ್ತಾರೆ. (ಓಡಬೇಕಾದ್ದೂ ಅಲ್ಲಿಗೇ. ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ. ಐಸ್ ಬೇಡ, ಟೂತ್‌ಪೇಸ್ಟ್ ಬೇಡ.) ಆಮೇಲೆ ಶುರುವಾಗುತ್ತದೆ ದೊಡ್ಡವರ ಆಟ.

ಮೊದಲು ತಯಾರಿಸಿದವರು. "ನಾವು ಮಾಡುವುದು ಜಾರುಬಂಡೆ, ಒಲೆಯಲ್ಲ. ನೆರಳಲ್ಲಿಡಿ ಅಂತ ಕೈಪಿಡಿಯಲ್ಲೇ ಬರೆದಿದ್ದೇವೆ." ಕೈಪಿಡಿ ಎಲ್ಲಿದೆ ಎಂದು ಹುಡುಕಿದರೆ, ಅದನ್ನು ಮಾತ್ರ ನೆರಳಲ್ಲೇ ಇಟ್ಟಿದ್ದಾರೆ. ಬೀರುವಿನೊಳಗೆ, ಬೀಗ ಹಾಕಿ.

ಆಮೇಲೆ ನೆಟ್ಟವರು. "ನಕ್ಷೆಯಲ್ಲಿ ಎಲ್ಲಿತ್ತೋ ಅಲ್ಲಿ ನೆಟ್ಟಿದ್ದೇವೆ." ನಕ್ಷೆ ಬರೆದವರನ್ನು ಕೇಳಿದರೆ, ನಕ್ಷೆಯಲ್ಲಿ ಸೂರ್ಯನನ್ನು ತೋರಿಸುವ ಪದ್ಧತಿ ಇಲ್ಲವಂತೆ. ಮೂಲೆಯಲ್ಲಿ ಉತ್ತರ ದಿಕ್ಕಿನ ಬಾಣವನ್ನು ಮಾತ್ರ ಅಚ್ಚುಕಟ್ಟಾಗಿ ಬಿಡಿಸಿರುತ್ತಾರೆ. ಭೂಮಿಯ ಉತ್ತರಾರ್ಧದಲ್ಲಿ ಜಾರುಬಂಡೆಯ ಮುಖ ಆ ಬಾಣದ ಕಡೆಗಿದ್ದರೆ ಸಾಮಾನ್ಯವಾಗಿ ಬಿಸಿಲು ಕಡಿಮೆ ಬೀಳುತ್ತದೆ. ಬಾಣ ಇರುವುದು ಅಲಂಕಾರಕ್ಕೆ ಅಂದುಕೊಂಡವರ ಮೇಲೆ ಕೋಪ ಮಾಡಿಕೊಂಡು ಏನು ಪ್ರಯೋಜನ?

ಇನ್ನು ನಿರ್ವಹಣೆಯವರು. "ಬೋಲ್ಟ್ ಬಿಗಿ ಇದೆಯಾ ನೋಡುವುದು ನಮ್ಮ ಕೆಲಸ. ಬಿಗಿ ಇದೆ. ಬಿಸಿ ನಮ್ಮ ಕಾಲಂನಲ್ಲಿ ಇಲ್ಲ."

ಇವರ ಮಾತು ಸುಳ್ಳಲ್ಲ. ಆಟದ ಸಲಕರಣೆಗಳ ಸುರಕ್ಷತೆಗೆ ದಪ್ಪ ದಪ್ಪ ಪುಸ್ತಕಗಳಿವೆ. ಅಮೆರಿಕದ ಮಾರ್ಗಸೂಚಿ ಪ್ರಕಾರ ಕಂಬಿಗಳ ನಡುವಿನ ಸಂದು 89ರಿಂದ 230 ಮಿಲಿಮೀಟರಿನ ಮಧ್ಯೆ ಇರಬಾರದು. ಇದ್ದರೆ ಮಗುವಿನ ತಲೆ ಸಿಕ್ಕಿಹಾಕಿಕೊಳ್ಳುತ್ತದೆ. ಬಿದ್ದಾಗ ತಲೆಗೆ ಆಗುವ ಪೆಟ್ಟಿಗೂ ಒಂದು ಅಂಕಿ ಇದೆ. ಅದು 1000 ದಾಟುವ ಹಾಗಿಲ್ಲ. ಅಳೆಯುವುದಕ್ಕೆ ಯಂತ್ರವಿದೆ, ಯಂತ್ರಕ್ಕೆ ಪ್ರಮಾಣಪತ್ರವಿದೆ. ನಿಜಕ್ಕೂ ಒಳ್ಳೆಯ ಕೆಲಸ. ಆದರೆ ಬಿಸಿಯ ವಿಷಯ ಬಂದ ಕೂಡಲೇ ಮಿಲಿಮೀಟರಿನ ಭಾಷೆ ನಿಂತುಹೋಗಿ ಮನೆಯ ಹಿರಿಯರ ಬುದ್ಧಿಮಾತು ಶುರುವಾಗುತ್ತದೆ. ನೆರಳಿರುವ ಕಡೆ ಇಡಿ, ಬಿಸಿಲು ಜೋರಿದ್ದರೆ ನೋಡಿಕೊಳ್ಳಿ, ಜೋಪಾನ. ನಿಯಮ ಜಾರಿಯಲ್ಲಿದೆ ಅನ್ನುತ್ತಾರೆ. ನಾನೂ ನಂಬುತ್ತೇನೆ. ಜಾರಿ ಎಲ್ಲಿಗೆ ಹೋಯಿತು ಅನ್ನುವುದಷ್ಟೇ ಪ್ರಶ್ನೆ.

ತಲೆ ಉಳಿಸಲಿಕ್ಕೆ ಅಂತ ಹಾಸಿದ ರಬ್ಬರ್ ನೆಲದ್ದು ಇನ್ನೊಂದು ಕಥೆ. ಕಪ್ಪು ರಬ್ಬರ್ ಬಿಸಿಲನ್ನು ಕುಡಿದು ಕುಡಿದು 70 ಡಿಗ್ರಿ ಸೆಲ್ಸಿಯಸ್ ದಾಟಬಲ್ಲದು. ಎಷ್ಟೋ ಸಲ ಪಕ್ಕದ ಜಾರುಬಂಡೆಗಿಂತಲೂ ಅದೇ ಬಿಸಿ. ಅಂದರೆ ಬಿದ್ದರೆ ಪೆಟ್ಟಾಗುವುದಿಲ್ಲ, ಬೀಳದೆ ಸುಮ್ನೆ ಬರಿಗಾಲಲ್ಲಿ ನಿಂತರೆ ಬೊಬ್ಬೆ ಏಳುತ್ತದೆ. "ನಮ್ಮದು ತಗಡಲ್ಲ, ಪ್ಲಾಸ್ಟಿಕ್" ಎಂದು ಹೆಮ್ಮೆಪಡುವವರೂ ಇದ್ದಾರೆ. ಪ್ಲಾಸ್ಟಿಕ್ ಲೋಹದಷ್ಟು ಬೇಗ ಶಾಖ ದಾಟಿಸುವುದಿಲ್ಲ, ಒಪ್ಪೋಣ. ಅದು ಸ್ವಲ್ಪ ನಿಧಾನವಾಗಿ ಸುಡುತ್ತದೆ, ಅಷ್ಟೇ. ಗಾಳಿ ತಂಪಾಗಿದೆ ಅಂತ ನಂಬಿಕೊಳ್ಳುವುದೂ ಬೇಡ. ನೇರ ಬಿಸಿಲು ಬೀಳುವ ಕಡೆ ಹಿತವಾದ ಹವೆಯಲ್ಲೂ ಸುಟ್ಟುಕೊಂಡ ಮಕ್ಕಳಿದ್ದಾರೆ.

ಎಷ್ಟು ಬಿಸಿಗೆ ಎಷ್ಟು ಹೊತ್ತಿನಲ್ಲಿ ಚರ್ಮ ಸುಡುತ್ತದೆ ಅನ್ನುವುದು ಹೊಸ ರಹಸ್ಯವೇನಲ್ಲ. ಮೋರಿಟ್ಜ್ ಮತ್ತು ಹೆನ್ರಿಕ್ಸ್ ಎಂಬ ಇಬ್ಬರು ಸಂಶೋಧಕರು 1947ರಲ್ಲೇ ಲೆಕ್ಕ ಹಾಕಿಟ್ಟಿದ್ದಾರೆ. 44 ಡಿಗ್ರಿಯಾದರೆ ಸುಮಾರು ಆರು ಗಂಟೆ ಬೇಕು. 60 ಡಿಗ್ರಿಯಾದರೆ ಸುಮಾರು ಐದು ಸೆಕೆಂಡು. ಇದೂ ದೊಡ್ಡವರ ಚರ್ಮದ ಲೆಕ್ಕ. ನಮ್ಮ ಸಮಿತಿಗಳೆಲ್ಲ 44 ಡಿಗ್ರಿಯ ಲೆಕ್ಕದಲ್ಲಿ ಸಭೆ ಸೇರುತ್ತವೆ. ಮಗು 60ರ ಲೆಕ್ಕದಲ್ಲಿ ಸುಡುತ್ತದೆ.

ಐದು ಸೆಕೆಂಡಿಗೆ ಉತ್ತರವಾಗಿ ಸಮಿತಿ ಕೊಟ್ಟಿದ್ದು ಒಂದು ಬೋರ್ಡು. "ಸಲಕರಣೆಗಳು ಬಿಸಿಯಾಗಿರಬಹುದು. ಮಕ್ಕಳಿಗಾಗುವ ಗಾಯಕ್ಕೆ ಆಡಳಿತ ಹೊಣೆಯಲ್ಲ." ಬೋರ್ಡನ್ನು ನೆಟ್ಟಿರುವುದು ಮಗುವಿನ ಎತ್ತರಕ್ಕಲ್ಲ, ವಕೀಲರ ಎತ್ತರಕ್ಕೆ. ಎರಡು ವರ್ಷದವರು ಅದನ್ನು ಓದಿ, ಅರ್ಥ ಮಾಡಿಕೊಂಡು, "ಹಾಗಾದರೆ ಇವತ್ತು ಬೇಡಪ್ಪ" ಎಂದು ಮನೆಗೆ ಹೋಗಬೇಕು. ಬೋರ್ಡೂ ತಗಡಿನದ್ದೇ. ಬಿಸಿಲಲ್ಲೇ ನಿಂತಿದೆ. ಅದಕ್ಕೂ ಒಂದು ಎಚ್ಚರಿಕೆಯ ಬೋರ್ಡು ಬೇಕಾಗಬಹುದು.

ಕೊನೆಗೆ ಎಲ್ಲರ ಬೆರಳೂ ಅಪ್ಪ ಅಮ್ಮನ ಕಡೆ ತಿರುಗುತ್ತದೆ. ಮುಟ್ಟಿ ನೋಡಬಾರದಿತ್ತಾ? ನೋಡಬೇಕಿತ್ತು. ಅಂಗೈ ಹಿಂಬದಿಯನ್ನು ಐದಾರು ಸೆಕೆಂಡು ಒತ್ತಿಟ್ಟು ನೋಡಿ, ತಡೆಯಲಾಗದಿದ್ದರೆ ಮಗುವನ್ನು ಹತ್ತಿಸಬಾರದು. ಫೋನಿನಲ್ಲಿ ಮುಳುಗಿದ್ದವರ ಪರವಾಗಿ ವಾದ ಮಾಡುವ ಇಷ್ಟ ನನಗಿಲ್ಲ. ಆದರೆ ಅಮ್ಮನ ಕೈಯಲ್ಲಿ ಜಾರುಬಂಡೆಯ ದಿಕ್ಕು ತಿರುಗಿಸಲು ಆಗುತ್ತದಾ? ಕಡುನೀಲಿ ಬಣ್ಣ ಬೇಡ, ತಿಳಿ ಬಣ್ಣ ಬಳಿಯಿರಿ ಎಂದು ಟೆಂಡರಿನಲ್ಲಿ ಬರೆಸಲು ಆಗುತ್ತದಾ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಇಲ್ಲಿ ಎತ್ತೂ ಜಾರಿಕೊಂಡಿತು, ಎಮ್ಮೆಯೂ ಜಾರಿಕೊಂಡಿತು. ಬರೆ ಬಿದ್ದಿದ್ದು ಕರುವಿಗೆ.

ಕಾನೂನು ಏನನ್ನುತ್ತದೆ ಎಂದು ಕೇಳಿದರೆ, ಬ್ರಿಟನ್ನಿನ ಹಳೇ ತೀರ್ಪುಗಳಲ್ಲಿ ಅಪ್ಪ ಅಮ್ಮನಿಗೂ ಆಡಳಿತಕ್ಕೂ ಒಂದೊಂದು ತುತ್ತು ಇದೆ. ಗ್ಲಾಸ್ಗೋ ನಗರದ ಸಸ್ಯೋದ್ಯಾನದಲ್ಲಿ ಏಳು ವರ್ಷದ ಹುಡುಗ ಚಂದ ಕಂಡ ವಿಷದ ಹಣ್ಣು ತಿಂದು ಸತ್ತ. ಸರಿಯಾದ ಬೇಲಿ ಇರಲಿಲ್ಲ, ಎಚ್ಚರಿಕೆಯೂ ಇರಲಿಲ್ಲ. ನಗರಾಡಳಿತದ ಮೇಲೆ ತಂದೆ ಹೂಡಿದ ದಾವೆಯಲ್ಲಿ ಹುರುಳಿದೆ ಎಂದು 1921ರಲ್ಲಿ, ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಹೇಳಿತು. ಮಕ್ಕಳನ್ನು ಸೆಳೆಯುವ ವಸ್ತುವನ್ನು ಇಟ್ಟುಕೊಂಡವರು ಕೈ ತೊಳೆದುಕೊಳ್ಳುವಂತಿಲ್ಲ ಅನ್ನುವುದು ಅದರ ತಾತ್ಪರ್ಯ. 1955ರಲ್ಲಿ ಇನ್ನೊಂದು ಕೇಸು. ಐದು ವರ್ಷದ ಹುಡುಗ ಏಳು ವರ್ಷದ ಅಕ್ಕನ ಜೊತೆ ಹೋಗಿ ಒಳಚರಂಡಿಗೆ ಅಗೆದ ಗುಂಡಿಗೆ ಬಿದ್ದು ಕಾಲು ಮುರಿದುಕೊಂಡ. ಇಷ್ಟು ಚಿಕ್ಕ ಮಕ್ಕಳ ಜೋಪಾನ ಮೊದಲು ತಂದೆ ತಾಯಿಯದ್ದು ಎಂದು ನ್ಯಾಯಾಲಯ ಪರಿಹಾರ ಕೊಡಲಿಲ್ಲ. ಆಡಳಿತದವರಿಗೆ ಎರಡನೆಯ ಕೇಸು ಬಾಯಿಪಾಠ. ಮೊದಲನೆಯದರ ಫೈಲು ತಣ್ಣಗೆ ಮಲಗಿದೆ. ಈ ಎರಡೂ ಕೇಸುಗಳಾದ ಮೇಲೆ, 1957ರಲ್ಲಿ ಬಂದ ಕಾಯ್ದೆಯಂತೂ, ಮಕ್ಕಳಿಗೆ ದೊಡ್ಡವರಷ್ಟು ಎಚ್ಚರ ಇರುವುದಿಲ್ಲ, ಜಾಗದ ಯಜಮಾನ ಅದಕ್ಕೆ ತಯಾರಾಗಿರಬೇಕು ಎಂದು ನೇರವಾಗಿ ಬರೆದೇ ಬಿಟ್ಟಿದೆ.

ನನಗೆ ಆ ವಿಷದ ಹಣ್ಣಿನ ಮೇಲೆ ಸ್ವಲ್ಪ ಕನಿಕರ. ಅದು ತನ್ನ ಪಾಡಿಗೆ ತಾನು ಹೊಳೆಯುತ್ತಿತ್ತು. ಜಾರುಬಂಡೆಗೆ ಆನೆಯ ಸೊಂಡಿಲು ಬಿಡಿಸಿ, ಕೆಂಪು ಬಳಿದು, "ಬಾ ಬಾ" ಎಂದು ಕರೆಯುವ ಹಾಗೆ ಮಾಡಿದ್ದು ನಾವು.

ಹಾಗಾದರೆ ಉಪಾಯ ಏನು? ನೆರಳು. ಒಂದು ಮರ, ಇಲ್ಲವೇ ಮೇಲೊಂದು ಚಪ್ಪರ. ನೆರಳು ಬಿದ್ದರೆ ಅದೇ ಜಾರುಬಂಡೆ 20 ಡಿಗ್ರಿಗೂ ಮಿಕ್ಕಿ ತಣ್ಣಗಿರಬಹುದು. ಮರ ಇತ್ತಂತೆ ಸಾರ್, ಜಾರುಬಂಡೆಗೆ ಜಾಗ ಸಾಲದು ಅಂತ ಕಡಿದರಂತೆ. ಈಗ ಪರಿಶೀಲನೆಗೆ ತಂಡ ಬಂದು ಹೋಗಿದೆ. ಬೆಳಿಗ್ಗೆ ಏಳಕ್ಕೆ ಬಂದರು. ಸಾಲಾಗಿ ನಿಂತು ಮುಟ್ಟಿದರು. "ಮುಟ್ಟಿದಾಗ ತಣ್ಣಗಿತ್ತು" ಎಂದು ವರದಿ ಬರೆದು ಸಹಿ ಹಾಕಿದರು.

ಮಧ್ಯಾಹ್ನ ಎರಡಕ್ಕೆ ಒಮ್ಮೆ ಬಂದು ನೋಡಬಹುದಲ್ವಾ ಅಂತ ಕೇಳಿದೆ.

"ಆ ಬಿಸಿಲಲ್ಲಿ ಯಾರು ಬರ್ತಾರೆ ಸಾರ್?"