ಸಾವಿರ ರೂಪಾಯಿಯ ಸಂಪತ್ತು ನಿರ್ವಹಣೆ

ನಿವೃತ್ತಿಗೆ ಎಷ್ಟು ದುಡ್ಡು ಬೇಕೆಂದು ಯೂಟ್ಯೂಬಿನ ಹಣಕಾಸು ಪಂಡಿತರನ್ನು ಕೇಳಿ ನೋಡಿ. ಕೋಟಿಗಿಂತ ಕೆಳಗೆ ಅವರು ಇಳಿಯುವುದೇ ಇಲ್ಲ. ಅದಕ್ಕೊಂದು ಸೂತ್ರವೂ ಉಂಟು: 15-15-15. ತಿಂಗಳಿಗೆ 15 ಸಾವಿರದಂತೆ 15 ವರ್ಷ ಎಸ್‌ಐಪಿ, ಅಂದರೆ ಮ್ಯೂಚುವಲ್ ಫಂಡಿಗೆ ತಿಂಗಳ ಕಂತು, ಕಟ್ಟಿ, ವರ್ಷಕ್ಕೆ ಶೇ 15 ಲಾಭ ಬಂದರೆ ಕೈಗೆ ಒಂದು ಕೋಟಿ. ಬರದಿದ್ದರೆ? ಆ ವಿಡಿಯೊ ಯಾರೂ ಮಾಡಿದಂತಿಲ್ಲ.

ಕಾರ್ಖಾನೆ, ಗಾರ್ಮೆಂಟ್ಸ್‌ಗಳಲ್ಲಿ ದುಡಿದವರ ಪಿಂಚಣಿಗೂ 15 ಸಾವಿರಕ್ಕೂ ನಂಟಿದೆ ನೋಡಿ. ಇಪಿಎಸ್-95 ಎಂಬ ನೌಕರರ ಪಿಂಚಣಿ ಯೋಜನೆಗೆ 2014ರಲ್ಲಿ ಹಾಕಿದ ವೇತನ ಮಿತಿ ಅದೇ; ಸಂಬಳ ಅದಕ್ಕಿಂತ ಹೆಚ್ಚಿದ್ದರೂ ಪಿಂಚಣಿಯ ಲೆಕ್ಕಕ್ಕೆ ಬರುವುದು ಅಷ್ಟೇ. ಪಂಡಿತರು ತಿಂಗಳ ಉಳಿತಾಯಕ್ಕೆ ಎತ್ತಿಡಿ ಎನ್ನುವ ಮೊತ್ತವೇ ಇಲ್ಲಿ ಇಡೀ ಸಂಬಳ. ಅದನ್ನು ಸೇವೆಯ ವರ್ಷಗಳಿಂದ ಗುಣಿಸಿ, 70ರಿಂದ ಭಾಗಿಸಿದರೆ ಪಿಂಚಣಿ. 35 ವರ್ಷ ಸವೆಸಿದವರಿಗೆ 7,500 ರೂಪಾಯಿ. ಹಳೆಯ 6,500 ರೂಪಾಯಿ ಮಿತಿಯ ಕಾಲದಲ್ಲಿ ಹತ್ತು ವರ್ಷ ದುಡಿದು ಬಿಟ್ಟವರಿಗೆ 928. ಈ 928 ನೋಡಿ ಸರ್ಕಾರದ ಕರುಳು ಚುರುಕ್ ಎಂದು, 2014ರ ಸೆಪ್ಟೆಂಬರಿನಲ್ಲಿ ಕನಿಷ್ಠ ಪಿಂಚಣಿ ಸಾವಿರ ರೂಪಾಯಿ ಎಂದು ಘೋಷಿಸಿತು. ದಶಕ ದಾಟಿದರೂ ಆ ಸಾವಿರ ಕೂತ ಜಾಗದಿಂದ ಅಲ್ಲಾಡಲಿಲ್ಲ.

ಸಾವಿರವೆಂದರೆ ಸಂಪತ್ತೇ, ಸಂಪತ್ತಿಗೆ ಯೋಜನೆ ಬೇಕು. ಪಂಡಿತರ 50-30-20 ನಿಯಮ ಹಚ್ಚೋಣ. ಅಗತ್ಯಗಳಿಗೆ 500, ಅಂದರೆ ದಿನಕ್ಕೆ ಹದಿನಾರು ಚಿಲ್ಲರೆ. ನಂದಿನಿಯ ಅರ್ಧ ಲೀಟರ್ ಪ್ಯಾಕೆಟ್ ಅದಕ್ಕೆ ಬಾರದು, ಆದ್ದರಿಂದ ಕಾಫಿಯನ್ನು ಆಸೆಗಳ ಖಾತೆಗೆ ವರ್ಗಾಯಿಸಿ. ಅಲ್ಲಿ 300 ಇದೆ. ಉಳಿದ 200 ಉಳಿತಾಯ. ಬಿಪಿ ಮಾತ್ರೆ ಎಲ್ಲಿ ಬಂತು ಎಂದು ಕೇಳಬೇಡಿ. ಮಾತ್ರೆ ನುಂಗಿ ಆಯಸ್ಸು ಹೆಚ್ಚಿಸಿಕೊಂಡರೆ ದುಡ್ಡು ಇನ್ನಷ್ಟು ವರ್ಷಕ್ಕೆ ಹಂಚಬೇಕಾಗುತ್ತದೆ. ಇದನ್ನೇ ಅವರ ಭಾಷೆಯಲ್ಲಿ ‘ದೀರ್ಘಾಯುಷ್ಯದ ರಿಸ್ಕ್’ ಎನ್ನುತ್ತಾರೆ.

ಪಿಂಚಣಿ ನಿಲ್ಲದಿರಲು, ಆಯಸ್ಸು ಇನ್ನೂ ಇದೆಯೆಂದು ವರ್ಷಕ್ಕೊಮ್ಮೆ ಸಾಬೀತು ಮಾಡುವುದು ಬೇರೆ. ಬೆಂಗಳೂರಿನ ಲಗ್ಗೆರೆಯ ಅಜ್ಜಿಯೊಬ್ಬರು ಗಾರ್ಮೆಂಟ್ಸಿನಲ್ಲಿ ಇಸ್ತ್ರಿ ಮಾಡಿ ಮಾಡಿ ಬೆರಳ ಗೆರೆ ಸವೆಸಿಕೊಂಡಿದ್ದಾರೆ. ಬೆರಳಚ್ಚಿನ ಯಂತ್ರಕ್ಕೆ ಅವರು ಕಾಣುವುದೇ ಇಲ್ಲ. ಸರಿ, ಮೊಬೈಲಿಗೆ ಮುಖ ತೋರಿಸುವ ವ್ಯವಸ್ಥೆ ಬಂತು. ಮೊಮ್ಮಗಳು ಅಜ್ಜಿಯನ್ನು ಕಿಟಕಿ ಬೆಳಕಿಗೆ ಕೂರಿಸಿ, ಪೊರೆ ಆಪರೇಷನ್ನಿನ ಕರಿ ಕನ್ನಡಕ ತೆಗೆಸಿ ಫೋನ್ ಹಿಡಿದಳು.

‘ಕಣ್ ಮಿಟುಕ್ಸಜ್ಜಿ.’

‘ಮಿಟುಕ್ಸ್ದ್ನಲ್ಲೇ.’

‘ಇನ್ನೊಂದ್ಸಲ. ನೆಟ್ವರ್ಕ್ ಹೋಯ್ತು.’

‘ನೆಟ್ವರ್ಕ್ ಹೋದ್ರೆ ನಾನ್ ಸತ್ತಂಗೇನೇ?’

ತಾಂತ್ರಿಕವಾಗಿ, ಹೌದು.

ಇಷ್ಟೆಲ್ಲ ನಿಷ್ಠುರವಾಗಿರುವ ಸರ್ಕಾರಕ್ಕೆ ಧಾರಾಳತನ ಗೊತ್ತಿಲ್ಲವೆಂದುಕೊಂಡರೆ ತಪ್ಪು. ಮಾಜಿ ಸಂಸದರ ಪಿಂಚಣಿ 2018ರಲ್ಲಿ 25 ಸಾವಿರವಾಯಿತು, 2025ರಲ್ಲಿ 31 ಸಾವಿರವಾಯಿತು. ಗಾರ್ಮೆಂಟ್ಸಿನ ಅಜ್ಜಿ ಪಿಂಚಣಿಗೆ ಅರ್ಹಳಾಗಲು ಹತ್ತು ವರ್ಷ ದುಡಿಯಬೇಕು. ಸಂಸದರ ಕಾನೂನಿನಲ್ಲಿ ‘ಎಷ್ಟೇ ಅವಧಿ’ ಇದ್ದರೂ ಆದೀತು. ಐದು ವರ್ಷ ದಾಟಿದರೆ ಪ್ರತಿ ವರ್ಷಕ್ಕೂ ಮೇಲೊಂದಿಷ್ಟು. ಎಲ್ಲಕ್ಕಿಂತ ಸೊಗಸಾದದ್ದು: ಸಂಸದರ ವೇತನವನ್ನು ಬೆಲೆಯೇರಿಕೆಯ ಸೂಚ್ಯಂಕಕ್ಕೆ ಕಟ್ಟಿದ್ದಾರೆ. ಬೇಳೆಯ ಬೆಲೆ ಏರಿದ್ದು ದಿಲ್ಲಿಗೆ ಗೊತ್ತಾಗುತ್ತದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ನಮ್ಮ ವಿಧಾನಸಭೆಯೂ ಹಿಂದೆ ಬೀಳಲಿಲ್ಲ. 2025ರ ಮಾರ್ಚಿನಲ್ಲಿ ಸದನದಲ್ಲಿ ಗದ್ದಲವೋ ಗದ್ದಲ, ಕಾಗದ ಹರಿದು ತೂರಾಟ. ಆ ಗದ್ದಲದ ನಡುವೆಯೇ ಶಾಸಕರ ವೇತನ, ಪಿಂಚಣಿ ಹೆಚ್ಚಿಸುವ ಮಸೂದೆ ಮಾತ್ರ ಯಾರಿಗೂ ಪೆಟ್ಟಾಗದೆ ಪಾಸಾಯಿತು.

ಕಾರ್ಮಿಕರ ಬಗ್ಗೆ ಯಾರೂ ಯೋಚಿಸಲಿಲ್ಲ ಎಂದೂ ಹೇಳುವಂತಿಲ್ಲ. ಭಗತ್ ಸಿಂಗ್ ಕೋಶಿಯಾರಿ ಅಧ್ಯಕ್ಷತೆಯ ರಾಜ್ಯಸಭಾ ಸಮಿತಿ ಕನಿಷ್ಠ ಪಿಂಚಣಿ 3,000 ಆಗಲಿ ಎಂದು 2013ರಲ್ಲೇ ಶಿಫಾರಸು ಮಾಡಿತ್ತು. ಆ ವರದಿ ಕಪಾಟಿನಲ್ಲಿ ಹತ್ತು ವರ್ಷದ ಅಖಂಡ ಸೇವೆ ಮುಗಿಸಿರುವುದರಿಂದ ಈಗ ಅದೂ ಪಿಂಚಣಿಗೆ ಅರ್ಜಿ ಹಾಕಬಹುದು.

ಇಷ್ಟಾದರೂ ಇಪಿಎಸ್-95ರಲ್ಲಿ ಪಂಡಿತರು ಗಮನಿಸದ ಒಂದು ಸೌಲಭ್ಯವಿದೆ. ಪಿಂಚಣಿದಾರ ತೀರಿಕೊಂಡರೆ ಸಂಗಾತಿಗೆ ಅರ್ಧ ಪಿಂಚಣಿ. ಆದರೆ ಅಲ್ಲೂ ಕನಿಷ್ಠ ಸಾವಿರದ ನಿಯಮ ಉಂಟು, ಹಾಗಾಗಿ ಸಾವಿರದ ಅರ್ಧವೂ ಸಾವಿರವೇ. ಗಂಡ ಹೆಂಡತಿ ಇಬ್ಬರೂ ಇದ್ದಾಗ ತಲೆಗೆ ಐನೂರು, ಒಬ್ಬರೇ ಉಳಿದರೆ ಸಾವಿರ. ಯಾವ ಮ್ಯೂಚುವಲ್ ಫಂಡೂ ರಾತ್ರೋರಾತ್ರಿ ಶೇ 100ರ ಪ್ರತಿಫಲ ಕೊಟ್ಟದ್ದಿಲ್ಲ. ಯಾರು ಹೂಡಿಕೆ, ಯಾರು ನಾಮಿನಿ ಎಂಬುದನ್ನು ಮಾತ್ರ ಮನೆಯಲ್ಲಿ ಕೂತು ಮಾತಾಡಿಕೊಳ್ಳಿ.